ಮುತ್ತಜ್ಜಿಯ ಬಿಳಿ ಮಣಿಸರ

"ಆಂಟಿ, ನಾನು ತಗೊಂಡಿಲ್ಲ. ನೀವಾದ್ರೂ ನಂಬಿ."

ಚಪ್ಪಲಿ ಬಿಡುವುದಕ್ಕೂ ಮೊದಲು ರೇಣುಕಾ ಆಡಿದ ಮಾತು ಇದು. ಎರಡು ಸಾವಿರದ ಏಳರ ಸೆಪ್ಟೆಂಬರ್, ಶುಕ್ರವಾರದ ಸಂಜೆ. ಉಪಾಕರ್ಮ ಮುಗಿದು ಕೆಲವೇ ದಿನಗಳಾಗಿದ್ದವು. ಹೊಸ ಜನಿವಾರ ಸಿಂಗಪುರದ ಬೆವರಿಗೆ ಬೆನ್ನು ಕಡಿಯುತ್ತದೆಂದು ನಾನು ಗೊಣಗುತ್ತ ಕೂತಿದ್ದೆ. ಆ ಹುಡುಗಿಯ ಮುಖ ನೋಡಿದ ಮೇಲೆ ನನ್ನ ಗೊಣಗಾಟಕ್ಕೆ ನನಗೇ ನಾಚಿಕೆಯಾಯಿತು.

ಅವಳು ಬಂದದ್ದು ನನ್ನ ಹತ್ತಿರವಲ್ಲ, ನನ್ನ ಅತ್ತಿಗೆ ಮೈಥಿಲಿಯವರ ಹತ್ತಿರ. ಪಾಸಿರ್ ಪಂಜಾಂಗ್ ಬಂದರಿನಲ್ಲಿ ಹಡಗಿನಿಂದ ಇಳಿದ ಸರಕು ಒಡೆದಿದೆಯೋ, ನೆನೆದಿದೆಯೋ, ಯಾರಾದರೂ ಎಗರಿಸಿದ್ದಾರೋ ಎಂದು ವಿಮೆಯವರ ಪರವಾಗಿ ನೋಡಿ ಹೇಳುವುದು ಅವರ ವೃತ್ತಿ. ಅಣ್ಣ ತೀರಿಕೊಂಡ ಮೇಲೂ ಆ ಕೆಲಸ ಬಿಟ್ಟಿರಲಿಲ್ಲ. ಇಲ್ಲಿನ ಕನ್ನಡಿಗರ ಮನೆಗಳಲ್ಲಿ ಏನು ಕಳೆದರೂ ಮೊದಲ ಫೋನು ಅವರಿಗೇ. ನಾನು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುವ ಅಚ್ಯುತ. ಅತ್ತಿಗೆಯ ಬ್ಯಾಗು ಹೊರುತ್ತೇನೆ, ನನ್ನ ತಪ್ಪು ಊಹೆಗಳಿಂದ ಅವರನ್ನು ನಗಿಸುತ್ತೇನೆ. ನನ್ನ ಬುದ್ಧಿ ಓಡುವುದು ಯಾವಾಗಲೂ ಬಸ್ಸು ಹೋದ ಮೇಲೆ.

ರೇಣುಕಾ ನೀರು ಕುಡಿದು ವಿಷಯ ಹೇಳಿದಳು. ತಂಜಾಂಗ್ ಪಗಾರ್‌ನ ಒಂದು ಹಳೇ ಶಾಪ್‌ಹೌಸ್‌ನ ಮೇಲ್ಮಹಡಿಯಲ್ಲಿ ಬ್ಯಾಂಕರ್ ದ್ವಾರಕನಾಥರ ಖಾಸಗಿ ಸಂಗ್ರಹವಿತ್ತು. ದಕ್ಷಿಣ ಆಫ್ರಿಕಾದ ಖೋಸಾ ಜನರ ಮಣಿಯ ಕೆಲಸ, ತಂಬಾಕು ಸೇದುವ ಮರದ ಕೊಳವೆಗಳು, ಚರ್ಮದ ಚೀಲಗಳು. ರೇಣುಕಾ ಮೈಸೂರಿನಿಂದ ಬಂದು ಅದನ್ನು ನೋಡಿಕೊಳ್ಳುತ್ತಿದ್ದಳು. ಅದರಲ್ಲಿದ್ದ ಒಂದು ಬಿಳಿ ಮಣಿಸರ ಯಾವ ಕುಟುಂಬದ್ದೆಂದು ಪತ್ತೆಮಾಡಿ, ಅದನ್ನು ಹಿಂದಿರುಗಿಸುವಂತೆ ಯಜಮಾನರನ್ನು ಒಪ್ಪಿಸಿದವಳೂ ಅವಳೇ. ಮರುದಿನ ಸಮಾರಂಭ. ಸರ ಒಯ್ಯಲು ನೊಮಾವೇತು ಎಂಬ ವೃದ್ಧೆ ಅಷ್ಟು ದೂರದಿಂದ ಬಂದಿದ್ದರು.

"ಇವತ್ತು ಮಧ್ಯಾಹ್ನ ಬಾಕ್ಸ್ ಓಪನ್ ಮಾಡಿದ್ವಿ ಆಂಟಿ. ಅವರು ಸರ ಎತ್ತಿ ಮೂಸಿ ನೋಡಿದ್ರು, ಎರಡು ಮಣಿ ಸರಿಸಿ ದಾರ ನೋಡಿದ್ರು. 'ಇದು ನನ್ನ ಮುತ್ತಜ್ಜಿದಲ್ಲ' ಅಂದ್ಬಿಟ್ರು. ಒರಿಜಿನಲ್ ದಾರ ಎತ್ತಿನ ನರದ್ದು. ಇದು ಹೊಸಾ ಹತ್ತಿ ದಾರ. ನಾನು ಹತ್ರ ಹೋಗೋ ಅಷ್ಟರಲ್ಲಿ ಸರ್ ಬಾಕ್ಸ್ ಕಿತ್ಕೊಂಡ್ರು, ಕೀ ಕಿತ್ಕೊಂಡ್ರು. ನಾಳೆ ಪೊಲೀಸ್ ಕಂಪ್ಲೇಂಟ್ ಅಂತೆ, ವರ್ಕ್ ಪಾಸ್ ಕ್ಯಾನ್ಸಲ್ ಅಂತೆ. ಕಳ್ಳಿ ಅನ್ನಿಸಿಕೊಂಡು ಯಾವ ಮ್ಯೂಸಿಯಂಗೆ ಹೋಗಲಿ ನಾನು?"

"ಕೀ ಯಾರ್ಯಾರ ಹತ್ರ ಇತ್ತು?" ಅತ್ತಿಗೆ ಕೇಳಿದರು.

"ನನ್ನ ಹತ್ರ, ಸರ್ ಹತ್ರ. ಅಷ್ಟೇ."

ಅತ್ತಿಗೆ ಎದ್ದು ಬ್ಯಾಗಿಗೆ ಭೂತಗನ್ನಡಿ ಹಾಕಿಕೊಂಡರು. "ನಡಿಯೋ ಅಚ್ಯುತ. ಎಂಆರ್‌ಟಿ ರೈಲಲ್ಲೇ ಹೋಗೋಣ, ಈ ಹೊತ್ತಲ್ಲಿ ಟ್ಯಾಕ್ಸಿ ಸಿಗಲ್ಲ."

ಸಂಗ್ರಹದ ಬಾಗಿಲು ತೆಗೆದವರು ದ್ವಾರಕನಾಥರೇ. ಇಸ್ತ್ರಿ ಮುರಿಯದ ಅಂಗಿ, ಸಣ್ಣ ದನಿ. ನಮ್ಮನ್ನು ನೋಡಿ ಅವರಿಗೆ ಖುಷಿಯಾಗಲಿಲ್ಲ. ಆದರೆ ಒಳಗೆ ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದ ನೊಮಾವೇತು ಅವರು ಇಂಗ್ಲಿಷಿನಲ್ಲಿ, "ಹುಡುಕುವವರು ಯಾರೇ ಇರಲಿ, ಹುಡುಕಲಿ" ಎಂದದ್ದರಿಂದ ದಾರಿ ಬಿಡಬೇಕಾಯಿತು.

"ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಯ್ತು ಮೇಡಂ," ಎಂದರು ದ್ವಾರಕನಾಥ್, ಪೆಟ್ಟಿಗೆ ತೆರೆಯುತ್ತ. "ಇಂಥ ವಸ್ತು ಅಲ್ಲಿಗೆ ಹೋದ್ರೆ ಹಾಳಾಗುತ್ತೆ, ನಮ್ಮಲ್ಲೇ ಸೇಫ್ ಅಂತ ಎಷ್ಟು ಸಲ ಹೇಳ್ದೆ. ಆ ಹುಡುಗಿ ಕೇಳಲಿಲ್ಲ. ಈಗ ಗೊತ್ತಾಯ್ತು, ಯಾಕೆ ಅಂತ. ಒರಿಜಿನಲ್ ಮಾರ್ಕೊಂಡು ಡೂಪ್ಲಿಕೇಟ್ ಕಳಿಸೋ ಪ್ಲಾನ್. ನೋಡಿ, ಎದೆ ಮೇಲೆ ಬರೋ ಪದಕನೂ ಬಿಡದೆ ಹಾಗೇ ಕಾಪಿ ಮಾಡ್ಸಿದಾಳೆ."

ಸಣ್ಣ ಬಟಾಣಿಯಷ್ಟು ದಪ್ಪದ ಬಿಳಿ ಗಾಜಿನ ಮಣಿಗಳ ಉದ್ದನೆಯ ಸರ. ನಟ್ಟನಡುವೆ ಮುತ್ತಿನ ಚಿಪ್ಪಿನ ಒಂದು ಗುಂಡಿ ನೇತಾಡುತ್ತಿತ್ತು. ಹಿಂದೆ ದಾರದ ಎರಡು ತುದಿ ಸೇರಿಸಿ ಗಂಟು ಹಾಕಿತ್ತು. ಅತ್ತಿಗೆ ಭೂತಗನ್ನಡಿ ಹಿಡಿದು ಒಂದೊಂದೇ ಮಣಿಯನ್ನು ಬೆಳಕಿಗೆ ತಿರುಗಿಸಿ ನೋಡಿದರು. ಆಮೇಲೆ ನನ್ನ ಕೈಗೆ ಕೊಟ್ಟರು. ಮಣಿಗಳ ಹೊರಮೈ ತೊಳೆದಿಟ್ಟಂತಿತ್ತು. ರಂಧ್ರಗಳ ಒಳಗೆ ಮಾತ್ರ ಕೆಮ್ಮಣ್ಣು ಜಿಡ್ಡಿನೊಂದಿಗೆ ಗಟ್ಟಿಯಾಗಿ ಕೂತಿತ್ತು. ಮಣಿಗೆ ಮಣಿ ಉಜ್ಜಿ ಅಂಚುಗಳು ಸವೆದಿದ್ದವು.

"ನಿಮ್ಮ ಮುತ್ತಜ್ಜಿ ಕೆಮ್ಮಣ್ಣು ಹಚ್ಚಿಕೊಳ್ಳುತ್ತಿದ್ದರೇ?" ಎಂದು ಅತ್ತಿಗೆ ನೊಮಾವೇತು ಅವರನ್ನು ಕೇಳಿದರು.

"ಕೊಬ್ಬಿನಲ್ಲಿ ಕಲಸಿ ಮೈಗೆ ಹಚ್ಚುತ್ತಿದ್ದಳು," ಎಂದರು ಅವರು. "ಅವಳು ನಮ್ಮ ಕಡೆಯ ವೈದ್ಯೆ. ತೀರಿಹೋದ ಹಿರಿಯರ ಜೊತೆ ಮಾತಾಡುವವರು ಬಿಳಿ ಮಣಿ ಹಾಕುತ್ತಾರೆ. ಒಬ್ಬ ಬಿಳಿಯ ದೊರೆ ಬಂದು ಅವಳ ಕೊರಳಿನಿಂದ ಇದನ್ನು ತೆಗೆಸಿಕೊಂಡು ಹೋದ. ಈಗ ನನ್ನ ತಂಗಿಯ ಮಗಳು ಅದೇ ದಾರಿ ಹಿಡಿದಿದ್ದಾಳೆ. ಈ ಸರ ಬರುವವರೆಗೆ ಬೇರೆ ಯಾವುದನ್ನೂ ಹಾಕುವುದಿಲ್ಲ ಎಂದು ಬರಿಗೊರಳಲ್ಲಿ ಕಾಯುತ್ತಿದ್ದಾಳೆ. ನಾನು ಸುಳ್ಳು ಸರ ಒಯ್ದು ಅವಳ ಕೊರಳಿಗೆ ಹಾಕಲಾರೆ."

ಅವರು ಅಳಲಿಲ್ಲ. ಅತ್ತರೆ ನನಗೆ ಸಮಾಧಾನವಾಗುತ್ತಿತ್ತು.

ಅತ್ತಿಗೆ ಗಂಟಿನಿಂದಾಚೆ ಚಾಚಿದ್ದ ದಾರದ ಮೋಟು ತುದಿಯನ್ನು ನೋಡಿದರು. ಅದರಲ್ಲಿ ಕಂಡೂ ಕಾಣದಷ್ಟು ಹಳದಿಯಿತ್ತು. ಬಚ್ಚಲಿನಿಂದ ಬೆರಳ ತುದಿಯಲ್ಲಿ ಸ್ವಲ್ಪ ಸೋಪಿನ ನೀರು ತಂದು ಅಲ್ಲಿಗೆ ಮುಟ್ಟಿಸಿದರು. ಹಳದಿ ಕೆಂಪಾಯಿತು. ಆರತಿಗೆ ಓಕುಳಿ ಕಲಸುವ ಮನೆಯಲ್ಲಿ ಬೆಳೆದ ನನಗೆ ಆ ಬಣ್ಣದ ಗುರುತು ಹೇಳಿಕೊಡಬೇಕಾಗಿರಲಿಲ್ಲ.

ಅಷ್ಟರಲ್ಲಿ ಅತ್ತಿಗೆ ಕರೆಸಿದ್ದ ಪದ್ಮನಾಭ ಬಂದ. ಹಿಂದಿನ ವಾರ ರೇಣುಕಾಳ ಎದುರಿಗೇ ಈ ಸರದ ಫೋಟೊ ತೆಗೆದವನು. ಲ್ಯಾಪ್‌ಟಾಪ್ ತೆರೆದು ತೋರಿಸಿದ. ಮರದ ಬೊಂಬೆಯ ಕೊರಳಲ್ಲಿ ಸರ. ಮುಂದಿನಿಂದ ನೋಡಿದರೆ ಬರೀ ಬಿಳಿ ಮಣಿ. ಹಿಂದಿನಿಂದ ತೆಗೆದದ್ದರಲ್ಲಿ, ಕತ್ತಿನ ಬಳಿ, ಗುಂಡಿಯನ್ನು ನರದ ಕುಣಿಕೆಗೆ ಸಿಕ್ಕಿಸಿತ್ತು.

"ಎಲ್ಲಾ ಆ್ಯಂಗಲ್ಲೂ ನಾನೇ ಅರೇಂಜ್ ಮಾಡಿದ್ದು. ಆಗ ಸರ ಸರಿಯಾಗೇ ಇತ್ತು ಆಂಟಿ," ಎಂದ.

ವಾಪಸು ಬರುವಾಗ ನಾನು ರೈಲಿನಲ್ಲೇ ತೀರ್ಪು ಕೊಟ್ಟೆ. "ಅತ್ತಿಗೆ, ಅರಿಶಿನದ ದಾರ ಅಂದ್ರೆ ಹೆಂಗಸರ ಕೆಲಸಾನೇ. ದ್ವಾರಕನಾಥರ ಹೆಂಡತಿ ವರ್ಷಾ ಗಂಡನ ಜೇಬಿಂದ ಕೀ ತಗೊಂಡಿರಬೇಕು."

"ತಾಳಿ ದಾರ ದಪ್ಪ ಕಣೋ. ಆ ಮಣಿಯೊಳಗೆ ಅದು ಹೇಗೆ ತೂರುತ್ತೆ?" ಎಂದಷ್ಟೇ ಹೇಳಿ ಅವರು ಕಣ್ಣು ಮುಚ್ಚಿಕೊಂಡರು.

ಶನಿವಾರ ಬೆಳಿಗ್ಗೆ, ಸಮಾರಂಭದ ಅತಿಥಿಗಳು ಬರುವ ಮೊದಲು, ಅತ್ತಿಗೆಯ ಕೋರಿಕೆಯಂತೆ ಎಲ್ಲರೂ ಅಲ್ಲಿ ಸೇರಿದರು. ದ್ವಾರಕನಾಥ್, ರೇಷ್ಮೆ ಸೀರೆ ಉಟ್ಟು ಬಂದ ವರ್ಷಾ, ಪದ್ಮನಾಭ, ಬಾಗಿಲ ಬಳಿ ರೇಣುಕಾ. ನಾನು ನೊಮಾವೇತು ಅವರ ಪಕ್ಕದಲ್ಲಿ ಕೂತು ಮಾತನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಸರ ಮೇಜಿನ ಮೇಲಿತ್ತು.

"ಮೊದಲನೇ ಮಾತು," ಎಂದರು ಅತ್ತಿಗೆ. "ಇಲ್ಲಿ ಕಳ್ಳತನ ಆಗೇ ಇಲ್ಲ. ಈ ಮಣಿಗಳು ಅಸಲಿನವೇ."

ನೊಮಾವೇತು ಅವರ ಕೈ ನನ್ನ ತೋಳನ್ನು ಗಟ್ಟಿಯಾಗಿ ಹಿಡಿಯಿತು.

"ನಕಲಿ ಮಾಡೋನು ಹೊರಗಡೆ ಬಣ್ಣ ಬಳೀತಾನೆ, ತೂತಿನ ಒಳಗೆ ವರ್ಷಗಟ್ಟಲೆ ಕೂತ ಕೆಮ್ಮಣ್ಣು ತುಂಬೋಕೆ ಆಗಲ್ಲ. ಇಲ್ಲಿ ಒಳಗೆ ಮಣ್ಣಿದೆ, ಹೊರಗೆ ಇಲ್ಲ. ಅಂದ್ರೆ ಯಾರೋ ತೊಳೆದಿದಾರೆ. ಅದಕ್ಕೇ ವಾಸನೆ ಹೋಗಿದೆ. ಯಾಕೆ ತೊಳೆದ್ರು? ಮಣಿ ನೆಲಕ್ಕೆ ಬಿತ್ತು, ಧೂಳಾಯ್ತು. ಯಾಕೆ ಬಿತ್ತು? ಏಸಿ ಗಾಳೀಲಿ ಒಣಗಿದ್ದ ನರ ಕಿತ್ತುಹೋಯ್ತು. ಪೋರ್ಟ್‌ನಲ್ಲಿ ದಿನಾ ನೋಡ್ತೀನಿ, ಮುಕ್ಕಾಲು ಪಾಲು ಕಳುವು ಅಂದಿದ್ದೆಲ್ಲಾ ಒಡೆದು ಮುಚ್ಚಿಟ್ಟಿದ್ದೇ ಆಗಿರುತ್ತೆ."

"ಹಾಗಾದ್ರೆ ಒಡೆದೋಳು ಅವಳೇ," ಎಂದರು ದ್ವಾರಕನಾಥ್.

"ಅವಳು ಪೋಣಿಸಿದ್ದರೆ ಗುಂಡೀನ ಕತ್ತಿನ ಹಿಂದೆ ಇಡ್ತಿದ್ದಳು. ಅದು ಸರ ಬಿಗಿಯೋ ಗುಂಡಿ. ರೇಣುಕಂಗೆ ಗೊತ್ತು, ಫೋಟೊ ತೆಗೆದ ಪದ್ಮನಾಭಂಗೆ ಗೊತ್ತು. ಮತ್ತೆ ಜೋಡಿಸಿದವರು ಅದನ್ನ ಪದಕ ಅಂದ್ಕೊಂಡು ಎದೆ ಮೇಲೆ ತೂಗುಹಾಕಿದಾರೆ. ನಿನ್ನೆ ಅದನ್ನ ಪದಕ ಅಂತ ಕರೆದೋರು ಒಬ್ಬರೇ."

ವರ್ಷಾ ಗಂಡನ ಕಡೆ ತಿರುಗಿದರು.

"ಇನ್ನು ದಾರ. ಅಚ್ಯುತ, ನಿನ್ನ ಜನಿವಾರ ಸ್ವಲ್ಪ ಹೊರಗೆ ತೆಗಿ."

ಅಷ್ಟು ಜನರ ಮುಂದೆ ಅಂಗಿಯ ಗುಂಡಿ ಬಿಚ್ಚಿ ಜನಿವಾರ ಎಳೆಯುವಾಗ ನನ್ನ ಕಿವಿ ಬಿಸಿಯಾಯಿತು. ಅತ್ತಿಗೆ ಅದರ ಪಕ್ಕದಲ್ಲಿ ಸರದ ದಾರ ಹಿಡಿದರು. ಎರಡರಲ್ಲೂ ಮೂರು ಎಳೆ, ಒಂದೊಂದು ಎಳೆಯೊಳಗೂ ಮತ್ತೆ ಮೂರು. ಎರಡಕ್ಕೂ ಒಂದೇ ಅರಿಶಿನ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಾನು ಬೆನ್ನ ಮೇಲೆ ಸಾಕ್ಷಿ ಹೊತ್ತುಕೊಂಡು ಪರರ ಹೆಂಡತಿಯ ಮೇಲೆ ಸಂಶಯ ಪಟ್ಟಿದ್ದೆ.

"ಉಪಾಕರ್ಮದಲ್ಲಿ ಒಂದು ಜೊತೆ ಹೆಚ್ಚಿಗೆ ತಂದು ಡ್ರಾಯರ್‌ನಲ್ಲಿ ಇಟ್ಟಿದ್ರಿ, ಅಲ್ವಾ ದ್ವಾರಕನಾಥ್? ಇಲ್ಲಿ ಒಬ್ಬರೇ ಇದ್ದಾಗ ಸರ ಕಿತ್ತುಹೋಯ್ತು. ಕೈಗೆ ಸಿಕ್ಕ ಗಟ್ಟಿ ದಾರ ಅದೊಂದೇ."

ದ್ವಾರಕನಾಥ್ ಕುರ್ಚಿಯ ಬೆನ್ನು ಹಿಡಿದುಕೊಂಡು ಹೇಳಿದರು. "ಕೊಟ್ಟುಬಿಡ್ತೀವಲ್ಲಾ, ಒಂದೇ ಒಂದ್ಸಲ ಹಾಕ್ಕೊಂಡು ನೋಡೋಣ ಅನ್ನಿಸ್ತು. ಕನ್ನಡಿ ಮುಂದೆ ನಿಂತೆ. ಕತ್ತು ಆಡಿಸಿದ ಕೂಡಲೇ ಚೆಲ್ಲಿಹೋಯ್ತು. ಮಂಡಿ ಊರಿ ಒಂದೊಂದೇ ಹೆಕ್ಕಿದೆ. ನಮ್ಮಲ್ಲೇ ಸೇಫ್ ಅಂತ ಊರಿಗೆಲ್ಲಾ ಹೇಳಿದೋನು ನಾನು... ಇವರು ಡೂಪ್ಲಿಕೇಟ್ ಅಂದಾಗ, ಹಾಗೇ ಆಗಲಿ ಅಂತ ಬಾಯಿ ತಾನಾಗೇ ಹೇಳ್ಬಿಡ್ತು."

"ನನ್ನ ಜೀವನ ಹಾಳಾಗ್ತಿತ್ತು ಸರ್," ಎಂದಳು ರೇಣುಕಾ. ಅವಳ ದನಿ ತಗ್ಗಲಿಲ್ಲ. "ನಿನ್ನೆ ಎಲ್ಲರ ಮುಂದೆ ಕಳ್ಳಿ ಅಂದ್ರಿ. ಇವತ್ತು ಗೆಸ್ಟ್ಸ್ ಬಂದ್ಮೇಲೆ, ಮೈಕ್‌ನಲ್ಲಿ, ಏನಾಯ್ತು ಅಂತ ನೀವೇ ಹೇಳಬೇಕು."

"ಹೇಳ್ತೀನಮ್ಮ," ಎಂದರು ದ್ವಾರಕನಾಥ್. ಅವರಿಗಿಂತ ಮೊದಲು ತಲೆಯಾಡಿಸಿದ್ದು ವರ್ಷಾ.

ಅವರು ಹೇಳಿದರು ಕೂಡ. ಅತಿಥಿಗಳ ಮುಂದೆ, ಕಾಗದ ನೋಡದೆ, ಒಂದನ್ನೂ ಬಿಡದೆ. ಬ್ಯಾಂಕಿನ ಹಿರಿಯರು ನೆಲ ನೋಡುತ್ತಿದ್ದರು. ದ್ವಾರಕನಾಥರ ಮೇಲೆ ನನಗಿದ್ದ ಸಿಟ್ಟು ಆಗಲೂ ಪೂರ್ತಿ ಇಳಿಯಲಿಲ್ಲ. ಆದರೂ ಆ ಮಾತಾಡಲು ಬೇಕಾದ ಧೈರ್ಯ ಸಣ್ಣದಲ್ಲ ಎಂದು ಒಪ್ಪುತ್ತೇನೆ.

ಸರ ಕೊಡುವ ಹೊತ್ತಿಗೆ ನೊಮಾವೇತು ಅವರು ರೇಣುಕಾಳನ್ನು ಹತ್ತಿರ ಕರೆದು ಕತ್ತರಿ ತರಲು ಹೇಳಿದರು. ಮೇಜಿನ ಮೇಲೆ ಒಂದು ಬಿಳಿ ಬಟ್ಟೆ ಹಾಸಿದರು.

"ನಿನ್ನ ಕೈಯಿಂದಲೇ ಕತ್ತರಿಸು ಮಗಳೇ. ನರ ಎಂದಾದರೂ ಹರಿಯುವುದೇ. ಮನೆಯಲ್ಲಿ ನಮ್ಮ ಹುಡುಗಿಯೇ ಹೊಸದಾಗಿ ಪೋಣಿಸುತ್ತಾಳೆ."

ರೇಣುಕಾ ಗಂಟಿನ ಬಳಿ ಕತ್ತರಿಸಿದಳು. ಮಣಿಗಳನ್ನು ಮೆಲ್ಲನೆ ಬಟ್ಟೆಯ ಮೇಲಿಳಿಸಿದಳು. ವೃದ್ಧೆ ಬಟ್ಟೆಯನ್ನು ಮಡಿಸಿ, ಗಂಟು ಹಾಕಿ, ಎದೆಗೆ ಒತ್ತಿಕೊಂಡು ತಮ್ಮ ಭಾಷೆಯಲ್ಲಿ ಏನನ್ನೋ ಹೇಳಿದರು. ಅದು ನಮಗೆ ಹೇಳಿದ್ದಲ್ಲ.

ಮೇಜಿನ ಮೇಲೆ ದಾರ ಉಳಿದಿತ್ತು. ಅವರು ಅದನ್ನು ಎತ್ತಿಕೊಂಡು ನನ್ನತ್ತ ತಿರುಗಿದರು. ಇದು ನಿಮ್ಮವರು ಮೈಮೇಲೆ ಧರಿಸುವ ಪವಿತ್ರ ದಾರವೇ ಎಂದು ಕೇಳಿದರು. ನಾನು ಹೌದೆಂದೆ. ಅವರು ಅದನ್ನು ಕಸಕ್ಕೆ ಹಾಕಲಿಲ್ಲ. ಬೆರಳಿಗೆ ನಿಧಾನವಾಗಿ ಸುತ್ತಿ, ಸುರುಳಿ ಮಾಡಿ, ಎರಡೂ ಕೈಯಲ್ಲಿ ಹಿಡಿದು ದ್ವಾರಕನಾಥರ ಮುಂದೆ ನಿಂತರು.

"ತೆಗೆದುಕೊಳ್ಳಿ. ಇನ್ನೊಬ್ಬರು ಪೂಜಿಸುವುದನ್ನು ನಾನು ಇಟ್ಟುಕೊಳ್ಳುವುದಿಲ್ಲ."

ದ್ವಾರಕನಾಥ್ ಎರಡೂ ಕೈ ಚಾಚಿದರು. ಅಷ್ಟು ಹೊತ್ತು ಮೈಕಿನ ಮುಂದೆ ತಡವರಿಸದ ಮನುಷ್ಯ, ಆ ದಾರ ಅಂಗೈಗೆ ಬಂದ ಕೂಡಲೇ ಅತ್ತುಬಿಟ್ಟರು.