ಅರ್ಧ ಸುತ್ತು ಸಡಿಲ

"ನಿಲ್ಸಿ! ಅದನ್ನ ಮುಟ್ಟಿದ್ರೆ ಸರಿ ಇರಲ್ಲ!"

ಕಾಲಿನಾ ಬಾಗಿಲಲ್ಲೇ ಚೀರಿದಳು. ಕೈಯಲ್ಲಿದ್ದ ಬ್ರೆಡ್ಡಿನ ಚೀಲ ನೆಲಕ್ಕೆ ಬಿತ್ತು.

ಅಡುಗೆಮನೆಯ ನಡುವೆ ಅಪರಿಚಿತನೊಬ್ಬ ಮಂಡಿಯೂರಿದ್ದ. ಅವನ ಕೈಯಲ್ಲಿ ಕಬ್ಬಿಣ ಕೊಯ್ಯುವ ಯಂತ್ರ. ಅದರ ಚಕ್ರ ತಾತನ ಒಲೆಯ ಬಾಗಿಲಿಗೆ ಇನ್ನೇನು ತಾಗುವುದರಲ್ಲಿತ್ತು!

ನೀರು ಕಾಯಿಸುವ ಹಳೆಯ ಹಂಡೆಯನ್ನು ಕೊಯ್ದು, ಬೆಸುಗೆ ಹಾಕಿ ತಾತ ತಾನೇ ಮಾಡಿದ ಒಲೆ ಅದು. ತಾತ ಹೋಗಿ ಆರು ವರ್ಷ. ರೊಡೋಪಿ ಬೆಟ್ಟದ ಆ ಹಳ್ಳಿಯಲ್ಲಿ ಕಾಲಿನಾಳ ಚಳಿಗಾಲಗಳೆಲ್ಲ ಅದರ ಮುಂದೆಯೇ ಕಳೆದಿದ್ದವು.

"ನಿಮ್ಮಜ್ಜಿನೇ ಕರ್ಸಿದ್ದು," ಎಂದ ಅವನು, ಕನ್ನಡಕವನ್ನು ಹಣೆಗೇರಿಸಿ. "ನಾನು ವೆಲ್ಕೋ. ಸೇತುವೆ ಹತ್ರ ಹೊಸ್ದಾಗಿ ವೆಲ್ಡಿಂಗ್ ಅಂಗಡಿ ಹಾಕಿದ್ದೀನಿ. ಒಲೆ ಬಾಗ್ಲಿಗೆ ಗಾಜಿನ ಕಿಟಕಿ ಕೂರಿಸ್ಬೇಕಂತೆ."

"ಹೌದು ಕಣೇ!" ನೇದಾ ಅಜ್ಜಿ ಕುರ್ಚಿಯಿಂದಲೇ ಗುಡುಗಿದಳು. "ಉರಿ ಇದ್ಯೋ ಇಲ್ವೋ ಅಂತ ದಿನಕ್ಕೆ ನೂರು ಸಲ ಬಾಗ್ಲು ತೆಗೀತೀನಿ. ಹೊಗೆ ಕುಡ್ದೂ ಕುಡ್ದೂ ಹೊಗೆಗೆ ಕಟ್ಟಿದ ಮಾಂಸ ಆಗ್ಬಿಟ್ಟೆ!"

ಅಜ್ಜಿಯ ಮುಂದೆ ಗೆದ್ದವರುಂಟೇ? ಕಾಲಿನಾ ಬಿದ್ದ ಬ್ರೆಡ್ಡನ್ನು ಎತ್ತಿಟ್ಟಳು. ಆದರೂ ಅವನ ಬೆನ್ನ ಹಿಂದೆಯೇ ಕಾವಲು ನಿಂತಳು.

ಅವನು ತಕ್ಷಣ ಕೊಯ್ಯಲಿಲ್ಲ. ತಾತ ಹಾಕಿದ ಬೆಸುಗೆಯ ಮೇಲೆ ಮೆಲ್ಲಗೆ ಬೆರಳಾಡಿಸಿದ.

"ಎಂಥ ಕೈ ರೀ ಇದು... ಈ ಗೆರೆಗೆ ತಾಗಿಸಲ್ಲ, ಹೆದರ್ಬೇಡಿ."

ಅಷ್ಟೇ! ಕಾಲಿನಾಳ ಕೋಪ ಅಲ್ಲೇ ಕರಗಿತು.

ಮಧ್ಯಾಹ್ನದ ಹೊತ್ತಿಗೆ ಗಾಜಿನ ಹಿಂದೆ ಉರಿ ಕುಣಿಯಿತು. ಅಜ್ಜಿ ಚಪ್ಪಾಳೆ ತಟ್ಟಿದಳು. ಕಾಲಿನಾ ಮಾತ್ರ ಉರಿಯನ್ನು ಬಿಟ್ಟು, ಅದರ ಬೆಳಕು ಬಿದ್ದ ಮುಖವನ್ನೇ ನೋಡುತ್ತಿದ್ದಳು.

"ಒಂದ್ಮಾತು," ಹೊರಡುವಾಗ ವೆಲ್ಕೋ ಹೇಳಿದ. "ನಾಲ್ಕೂ ಸ್ಕ್ರೂ ಅರ್ಧ ಸುತ್ತು ಸಡಿಲ ಬಿಟ್ಟಿದ್ದೀನಿ. ಕಾದಾಗ ಹಿಗ್ಗೋಕೆ ಜಾಗ ಬೇಕು. ಬಿಗಿ ಮಾಡಿದ್ರೆ ಗಾಜು ಸೀಳುತ್ತೆ. ಮುಟ್ಬೇಡಿ."

ಅವನು ಹೋದ. ಮನೆ ಬೆಚ್ಚಗಿತ್ತು, ಆದರೂ ಏನೋ ಖಾಲಿ. 'ಕೆಲಸ ಮುಗಿದೇಹೋಯಿತಲ್ಲ... ಇನ್ನು ಅವನು ಯಾಕೆ ಬರುತ್ತಾನೆ?'

ನಾಲ್ಕನೇ ದಿನ, ಅಜ್ಜಿ ಕುರ್ಚಿಯಲ್ಲೇ ತೂಕಡಿಸುವಾಗ, ಕಾಲಿನಾ ಬ್ರೆಡ್ಡಿನ ಚಾಕುವಿನ ತುದಿಯಿಂದ ನಾಲ್ಕೂ ಸ್ಕ್ರೂ ಬಿಗಿ ಮಾಡಿದಳು. ಉರಿ ಏರಿತು. ಟಪ್!

ವೆಲ್ಕೋ ಓಡೋಡಿ ಬಂದ. ಹೊಸ ಗಾಜು, ಬೆಟ್ಟದ ಸೊಪ್ಪಿನ ಚಹಾ, ಚೀಸ್ ತುಂಬಿದ ಬಿಸಿ ಬಾನಿತ್ಸಾ, ಎರಡು ಗಂಟೆ ಹರಟೆ. ಕಾಲಿನಾಳಿಗೆ ಸ್ವರ್ಗಕ್ಕೆ ಮೂರೇ ಗೇಣು! ಹತ್ತು ದಿನ ಬಿಟ್ಟು ಮತ್ತೆ... ಟಪ್!

ಈ ಸಲ ಅವನು ಸ್ಕ್ರೂಗಳನ್ನು ಬಹಳ ಹೊತ್ತು ನೋಡಿದ. ಮುಖ ಕಪ್ಪಿಟ್ಟಿತು. ಗಾಜು ಬದಲಿಸಿದ, ಚಹಾ ಮುಟ್ಟಲಿಲ್ಲ.

"ಇನ್ಮುಂದೆ ಪಟ್ಟಣದಿಂದ ಬೇರೆಯವರನ್ನ ಕರ್ಸ್ಕೊಳ್ಳಿ."

ಮೂರು ವಾರ ಅವನ ಸುಳಿವಿಲ್ಲ. ಒಂದು ಬೆಳಗ್ಗೆ ಅಜ್ಜಿಯೇ ಸುದ್ದಿ ತಂದಳು.

"ವೆಲ್ಕೋ ಇನ್ನು ಒಲೆ ಕೆಲ್ಸ ಮಾಡಲ್ವಂತೆ. ಕಾಫಿ ಅಂಗಡೀಲಿ ಎಲ್ರೂ 'ಗಾಜು ಸೀಳೋ ವೆಲ್ಕೋ' ಅಂತ ಆಡ್ಕೊಳ್ತಾರಂತೆ, ಪಾಪ."

ಕಾಲಿನಾ ಒಲೆಯ ಸ್ಕ್ರೂಗಳತ್ತ ತಿರುಗಿ ನೋಡಿದಳು. 'ನಾನು... ನಾನೇ ಅವನ ಹೆಸರು ಕೆಡಿಸಿದೆ!'

ಅವಳು ಚಾಕು ತೆಗೆದುಕೊಂಡು ಹಿಮದಲ್ಲೇ ನಡೆದಳು. ಅರ್ಧ ಗಂಟೆಯ ನಂತರ, ವೆಲ್ಕೋನ ಮೇಜಿನ ಮೇಲೆ ತುದಿ ಬಾಗಿದ ಆ ಚಾಕು ಇಟ್ಟಳು.

"ಗೊತ್ತು," ಅವನು ತಲೆ ಎತ್ತಲಿಲ್ಲ. "ಸ್ಕ್ರೂ ಮೇಲೆ ಇದರದ್ದೇ ಗೀರು. ನನ್ನ ಕೆಲ್ಸದ ಮೇಲೆ ನಂಬಿಕೆ ಇಲ್ದೇ ನೀವೇ ಸರಿ ಮಾಡ್ಕೊಳ್ತಿದ್ರಿ. ಮೊದ್ಲೇ ಹೇಳ್ಬಹುದಿತ್ತು!"

'ಅಯ್ಯೋ... ಇವನು ಹೀಗೆ ತಿಳಿದನೇ!'

"ನಂಬಿಕೆ ಇಲ್ದೇ ಅಲ್ಲ ರೀ! ಬಿಗಿ ಮಾಡಿದ್ರೆ ಸೀಳುತ್ತೆ ಅಂದ್ರಲ್ಲ, ಅದನ್ನ ನಂಬಿದ್ದಕ್ಕೇ ಬಿಗಿ ಮಾಡಿದ್ದು!"

"ಅಂದ್ರೆ...?"

"ಗಾಜು ಸೀಳಿದ್ರೆ ತಾನೇ ನೀವು ಬರೋದು!" ಅವಳ ಕಣ್ಣು ತುಂಬಿ ಹರಿಯಿತು. "ನಿಮ್ಮನ್ನ ಪ್ರೀತಿಸ್ತೀನಿ ಅನ್ನೋ ಧೈರ್ಯ ಬರ್ಲಿಲ್ಲ. ತಪ್ಪು ನಂದೇ. ಈಗಷ್ಟೇ ಕಾಫಿ ಅಂಗಡೀಲಿ ಎಲ್ರ ಎದುರು ಹೇಳ್ಬಿಟ್ಟು ಬಂದೆ."

ವೆಲ್ಕೋನ ಕಿವಿ ಕೆಂಪಾಯಿತು. "ಎಲ್ಲಾನೂ?"

"ಎಲ್ಲಾನೂ..."

ಅವನು ಮೇಜು ಬಳಸಿ ಬಂದು ಅವಳ ತಣ್ಣಗಿನ ಕೈ ಹಿಡಿದ.

"ಹುಚ್ಚಿ! ಎರಡು ಗಾಜು ಒಡೆಯೋ ಬದ್ಲು ಒಂದ್ಸಲ 'ಬಾ' ಅನ್ನೋಕಾಗ್ಲಿಲ್ವಾ? ಎರಡನೇ ಸಲ ನಿನ್ನ ಮನೆಗೆ ಬರುವಾಗ ನಾನು ಗಡ್ಡ ತೆಗೆದು ಬಂದಿದ್ದೆ ಕಣೇ. ಒಲೆಗೋಸ್ಕರ ಯಾರಾದ್ರೂ ಗಡ್ಡ ತೆಗೀತಾರಾ?"

ಅವಳು ಅಳುತ್ತಲೇ ನಕ್ಕಳು.

ಮರುದಿನ ಅವನು ಬರಿಗೈಯಲ್ಲಿ ಬಂದ. ಅಜ್ಜಿ ಹುಬ್ಬೇರಿಸಿದಳು.

"ಗಾಜು ಗಟ್ಟಿಯಾಗೇ ಇದ್ಯಲ್ಲೋ. ಯಾಕೆ ಬಂದೆ?"

"ಸುಮ್ನೆ ಬಂದೆ ಅಜ್ಜಿ."

"ಸದ್ಯ! ನಿದ್ದೆ ಬಂದೋರ ಹಾಗೆ ನಟಿಸಿ ನಟಿಸಿ ನನಗೂ ಸಾಕಾಗಿತ್ತು."

ಕಾಲಿನಾ ನಾಚಿ ಒಲೆಯ ಕಡೆ ತಿರುಗಿದಳು. ಅವನು ಪಕ್ಕದಲ್ಲಿ ಕುಳಿತ.

"ನಾಳೆ...?" ಅವಳು ಪಿಸುಗುಟ್ಟಿದಳು.

"ನಾಳೆನೂ ಬರ್ತೀನಿ. ಆ ಚಾಕು ಬ್ರೆಡ್ಡಿಗೇ ಇರ್ಲಿ."