ಎರಡು ಹಾರ್ಟ್

ಗದ್ವಾಲದ ಬ್ರಿಡ್ಜ್ ಇಸ್ಪೀಟು ಪಂದ್ಯಕ್ಕೆ ಶರಣಯ್ಯ ಈ ಸಲ ಚಂದ್ರಕಾಂತನನ್ನು ಜೋಡಿ ಮಾಡಿಕೊಂಡ ಸುದ್ದಿ ಭೀಮಶಂಕರನಿಗೆ ಸಿಕ್ಕಿದ್ದು ಮಕ್ತಲದ ಬಸ್ ಸ್ಟ್ಯಾಂಡಿನಲ್ಲಿ. ವರ್ಷಗಟ್ಟಲೆ ಅವರ ಜೋಡಿಯಾಗಿ ಎದುರು ಕೂತು ಆಡಿದವನು ಅದನ್ನು ಊರವರ ಬಾಯಿಂದ ಕೇಳಬೇಕಾಯಿತು. "ಭೀಮಶಂಕರ್ ಅವರ ಹೊಸ ಬಿಡ್ಡಿಂಗ್ ನನಗ ಒಗ್ಗಲ್ರಿ. ಕೈಯಾಗ ಒಂದು ಎಲಿ, ಬಾಯಾಗ ಇನ್ನೊಂದು," ಎಂದಿದ್ದರಂತೆ ಶರಣಯ್ಯ. ಭೀಮಶಂಕರನಿಗೆ ಮೈಯೆಲ್ಲ ಉರಿಯಿತು. ಉರಿ ಆರಿದ ಮೇಲೆ ತಲೆ ತಣ್ಣಗೆ ಕೆಲಸ ಶುರು ಮಾಡಿತು.

ನಾರಾಯಣಪೇಟೆಯ ಮನೆಯಲ್ಲಿ ಶರಣಯ್ಯ ಒಬ್ಬರೇ. ಎದೆನೋವಿನ ಮನುಷ್ಯ, ಸತ್ತರೆ ಯಾರೂ ಹುಬ್ಬೇರಿಸುವುದಿಲ್ಲ. ಜೋಡಿಯಲ್ಲಿ ತುರುಪನ್ನು ಮೊದಲು ಹೆಸರಿಸಿದವರು ಆಡಬೇಕು. ಇನ್ನೊಬ್ಬರು ಡಮ್ಮಿ, ಎಲೆ ಹರವಿಟ್ಟು ಎದ್ದು ಹೋಗಬಹುದು. ಶರಣಯ್ಯನವರ ಜೋಡಿ ಮೊದಲ ಸಲ ಬಿಡ್, ಅಂದರೆ ಸವಾಲು, ಗೆದ್ದಾಗ ಡಮ್ಮಿ ಒಳಗಿಂದ ಚಹಾ ತರುವುದು ಅಲ್ಲಿನ ರೂಢಿ. ತಾನು ಡಮ್ಮಿಯಾದರೆ ಆಯಿತು, ಅವರ ಚಹಾ ತನ್ನ ಕೈಯಿಂದಲೇ ಹೋಗುತ್ತದೆ.

ಜೋಡಿ ಮುರಿಯುವ ಮುಂಚೆ ನಿಮ್ಮ ಮನೆಯಲ್ಲಿ ಒಮ್ಮೆ ಆಡೋಣವೆಂದು ಕೇಳಿದಾಗ, "ಕೊನೇ ಸಂಜಿ, ನಿಮ್ಮ ಪದ್ಧತಿನೇ ಆಡೋಣ್ರಿ," ಎಂದು ಶರಣಯ್ಯನವರೇ ಫೋನಿನಲ್ಲಿ ಒಪ್ಪಿದರು. ಭೀಮಶಂಕರನಿಗೆ ಪಾಪ ಎನಿಸಲಿಲ್ಲ, ನಗು ಬಂತು.

ಭೀಮಶಂಕರ ಬೇಗ ಹೋದ. ನೀರು ಕುಡಿಯುವ ನೆಪದಲ್ಲಿ ಅಡುಗೆಮನೆ ಹೊಕ್ಕು, ಶರಣಯ್ಯನವರ ದೊಡ್ಡ ಲೋಟಕ್ಕೆ ವಿಷದ ಪುಡಿ ಸುರಿದು ಬಂದ. ಪಕ್ಕದಲ್ಲಿ ಕೂರುವವನು ಪೊಲೀಸ್ ಎಸ್‌ಐ ನರೇಂದರ್, ಆ ಸಂಜೆ ಚಂದ್ರಕಾಂತನ ಜೋಡಿ. ಪೊಟ್ಟಣ ಕಿಸೆಯಲ್ಲಿಟ್ಟುಕೊಂಡು ಆಡುವ ಹುಚ್ಚು ಇವನಿಗಿರಲಿಲ್ಲ.

ಶರಣಯ್ಯ "ಒಂದು ನೋ ಟ್ರಂಪ್" ಎಂದರು, ತುರುಪಿಲ್ಲದ ಆಟ. ನರೇಂದರ್ ಪಾಸ್. ಭೀಮಶಂಕರನೂ ಪಾಸ್ ಎಂದಿದ್ದರೆ ಸಾಕಿತ್ತು, ಡಮ್ಮಿಯಾಗುತ್ತಿದ್ದ. ಆದರೆ ಕೈಯಲ್ಲಿ ಆರು ಸ್ಪೇಡ್ ಇದ್ದವು. ಹೊಸ ಪದ್ಧತಿಯಲ್ಲಿ ಇವನು ಹಾರ್ಟ್ ಎಂದರೆ ಅವರು ಸ್ಪೇಡ್ ಎನ್ನಬೇಕು; ಸ್ಪೇಡ್ ಮೊದಲು ಹೆಸರಿಸಿದ ಅವರದೇ ಆಟ, ಇವನು ಡಮ್ಮಿ. ಸಾಯುವ ಮುಂಚೆ ಆ ಬಾಯಿಂದ ಒಮ್ಮೆ ತನ್ನ ವಿದ್ಯೆ ನುಡಿಸಬೇಕೆನಿಸಿತು. "ಎರಡು ಹಾರ್ಟ್," ಎಂದ.

ಚಂದ್ರಕಾಂತ ಪಾಸ್. "ಪಾಸ್," ಎಂದರು ಶರಣಯ್ಯ. ನರೇಂದರನೂ ಪಾಸ್. ಹಾರ್ಟ್ ಹೆಸರಿಸಿದ್ದು ಭೀಮಶಂಕರ, ಆಟ ಅವನ ಕೊರಳಿಗೇ ಬಿತ್ತು. "ಅಯ್ಯ, ಮರ್ತೆ ನೋಡ್ರಿ. ನಲವತ್ತು ವರ್ಷ ಹಾರ್ಟ್ ಅಂದ್ರ ಹಾರ್ಟೇ ಅಂತ ಆಡೀನಿ," ಎನ್ನುತ್ತ ಶರಣಯ್ಯ ಎಲೆ ಹರವಿಟ್ಟು ಚಹಾ ತರಲು ಒಳಗೆ ನಡೆದರು. ಇವನು ಎದ್ದ. "ಕೂಡ್ರಿ, ಆಟ ನಿಮ್ದು," ಎಂದ ನರೇಂದರ್. ಒಳಗೆ ಲೋಟಗಳ ಸದ್ದು ಕೇಳಿಸಿತು, ಆಮೇಲೆ ನಿಂತಿತು. ಶರಣಯ್ಯ ಖಾಲಿ ಲೋಟವನ್ನು ಬೆಳಕಿಗೆ ವಾಲಿಸಿಕೊಂಡು ಬಂದರು. "ನರೇಂದರ್ ಸಾಬ್, ತಳದಾಗ ಏನೋ ಬೆಳ್ಳಗ ಐತಿ. ಮಧ್ಯಾಹ್ನ ನಾನೇ ತೊಳದಿಟ್ಟಿದ್ದೆ. ಆಮ್ಯಾಲೆ ಒಳಗ ಹೋದವರು ಭೀಮಶಂಕರ್ ಒಬ್ರ."