ಹಿಡಿದುಕೊಂಡ ಗಾಲಿ

"ನನ್ನ ಗಂಡ ತಪ್ಪು ಮಾಡಿಲ್ಲ ಅಂತ ಹೇಳಾಕ ಬಂದಿಲ್ರಿ ಅಕ್ಕಾರ. ಮಾಡ್ಯಾನೋ ಇಲ್ಲೋ, ಅದನ್ನ ನೋಡಿ ಹೇಳ್ರಿ, ಸಾಕು," ಎಂದಳು ಹಿರೇಹಡಗಲಿಯ ಮೈಲಮ್ಮ.

ಚಹಾದ ಲೋಟ ತಂದ ಗುರುಶಾಂತ ಬಾಗಿಲಲ್ಲೇ ನಿಂತ. ಅವನ ಹೆಂಡತಿ ಅರ್ಚನಾ ವಿಮಾ ಕಂಪನಿಗಳ ಪರವಾಗಿ ಅಪಘಾತವಾದ ಗಾಡಿಗಳನ್ನು ಪರೀಕ್ಷಿಸುವವಳು. ಆದರೆ ಕೊಟ್ಟೂರಿನಲ್ಲಿ ಕುರಿ ಕಳುವಾದರೂ ಕೊಲೆಯಾದರೂ ಜನ ಬರುತ್ತಿದ್ದುದು ಅವಳ ಹತ್ತಿರವೇ. ಬೈಕು ಓಡಿಸುವುದು, ಟಾರ್ಚು ಹಿಡಿಯುವುದು, ತಪ್ಪು ಊಹೆ ಮಾಡುವುದು ಗುರುಶಾಂತನ ಪಾಲಿನ ಕೆಲಸ.

ಮೈಲಮ್ಮನ ಗಂಡ ಮೈಲಪ್ಪ ಗ್ಯಾರೇಜಿನವನು. ಹಗರಿಬೊಮ್ಮನಹಳ್ಳಿಯ ಅರುಣ್ ಕುಮಾರನ ಹಳೆಯ ಸ್ಪೋರ್ಟ್ಸ್ ಕಾರಿನ ಮುಂದಿನ ಎರಡು ಕ್ಯಾಲಿಪರ್ ಬಿಚ್ಚಿ, ಸವೆದ ರಬ್ಬರ್ ಉಂಗುರ ಬದಲಿಸಿ, ಓಡಿಸಿ ನೋಡಿಯೇ ಕೊಟ್ಟಿದ್ದ. ಕ್ಯಾಲಿಪರ್ ಎಂದರೆ ಬ್ರೇಕ್ ಒತ್ತಿದಾಗ ಗಾಲಿಯ ಡಿಸ್ಕನ್ನು ಹಿಡಿಯುವ ಇಕ್ಕಳ. ಕೆಲವು ದಿನ ಶೆಡ್ಡಿನಲ್ಲಿ ನಿಂತಿದ್ದ ಕಾರನ್ನು ಅರುಣ್ ಮೋಟಾರು ರ‍್ಯಾಲಿಗೆಂದು ಹೊರತೆಗೆದ. ಕೂಡ್ಲಿಗಿಯ ಆಚೆ ಇಳಿಜಾರಿನಲ್ಲಿ ಬ್ರೇಕ್ ಕೈಕೊಟ್ಟಿತು, ಅರುಣ್ ಉಳಿಯಲಿಲ್ಲ. ಅವನ ಅಣ್ಣ ಕೊಟ್ರಸ್ವಾಮಿಯ ದೂರಿನ ಮೇಲೆ ಮೈಲಪ್ಪ ಜೈಲಿನಲ್ಲಿದ್ದ.

ಠಾಣೆಯ ಅಂಗಳದಲ್ಲಿ, ಸಬ್ ಇನ್ಸ್‌ಪೆಕ್ಟರ್ ಯರ್ರಿಸ್ವಾಮಿಯ ಎದುರಿಗೇ ಅರ್ಚನಾ ಆ ಕಾರಿನ ನಾಲ್ಕೂ ಕ್ಯಾಲಿಪರ್ ಬಿಚ್ಚಿಸಿದಳು. ಡಿಸ್ಕುಗಳು ಕಾದು ನೀಲಿಗಟ್ಟಿದ್ದವು. ಇಕ್ಕಳವನ್ನು ಒತ್ತುವ ಪಿಸ್ಟನ್ನುಗಳು ಕೀಳಲಾಗದಷ್ಟು ಬಿಗಿದಿದ್ದವು. ರಬ್ಬರ್ ಉಂಗುರಗಳು ನೆನೆಸಿದ ಕಡಲೆಯ ಹಾಗೆ ಉಬ್ಬಿದ್ದವು. ಹಿಂದಿನ ಗಾಲಿಗಳದೂ ಅದೇ ಕತೆ. ಬಾನೆಟ್ಟಿನ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದರೆ, ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಬೇರೊಂದು ಎಣ್ಣೆ ಮೇಲೆ ತೇಲುತ್ತಿತ್ತು.

ಜೈಲಿನಲ್ಲಿ ಮೈಲಪ್ಪ ತಲೆಯೆತ್ತಲಿಲ್ಲ. "ನನ್ನ ಕೈಯಾಗ ಏನರ ತಪ್ಪಾಗಿರಬೇಕ್ರಿ. ಇಲ್ದಿದ್ರ ಆ ಹುಡುಗ ಯಾಕ ಸಾಯ್ತಿದ್ದ?"

"ಗಾಡಿ ಕೊಡೂ ಮುಂದ ಏನ್ ಹೇಳಿದ್ರಿ?"

"ಡಬ್ಬಿ ತೋರಿಸಿ ಹೇಳೀನ್ರಿ. ಇದರಾಗ ಬ್ಯಾರೆ ಎಣ್ಣಿ ಹಾಕಬ್ಯಾಡ್ರಿ, ರಬ್ಬರ್ ಉಬ್ಬಿ ಗಾಲಿ ಹಿಡ್ಕಂತಾವು, ಗಾಡಿ ಅಲುಗಂಗಿಲ್ಲ ಅಂತ."

"ಆಗ ಯಾರ್ಯಾರಿದ್ರು?"

"ಅರುಣಪ್ಪಾರು. ಚಾ ತಂದಿದ್ದ ಅವರವ್ವಾರು. ಕೊಟ್ರಸ್ವಾಮ್ಯಾರು ಊರಾಗ ಇರ್ಲಿಲ್ಲ."

ಆ ಕಾರಿನ ಸಲುವಾಗಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರೆಂದು ಊರೆಲ್ಲ ಆಡಿಕೊಳ್ಳುತ್ತಿತ್ತು. "ಅಣ್ಣಂದೇ ಕೆಲಸ, ನೋಡ್ತಿರು," ಎಂದ ಗುರುಶಾಂತ. ಅರ್ಚನಾ ಬೈಕಿನ ಹಿಂದೆ ಹತ್ತಿ ಕುಳಿತಳು. ಅರುಣನ ಮನೆಗೆ ಹೋದಾಗ ತಾಯಿ ನೀಲಗಂಗಮ್ಮ ನೀರು ತಂದುಕೊಟ್ಟಳು. ಪಡಸಾಲೆಯ ಮೂಲೆಯಲ್ಲಿದ್ದ ಹೊಲಿಗೆ ಯಂತ್ರದ ಚಕ್ರವನ್ನು ಅರ್ಚನಾ ತಿರುಗಿಸಿದಳು. ಅದು ಕಿರ್ರೆಂದಿತು.

"ಎಣ್ಣಿ ಹಾಕಿಲ್ಲೇನಮ್ಮ?"

"ಬಾಟ್ಲಿ ತೀರೈತವ್ವ."

ಮರುದಿನ ಅದೇ ಪಡಸಾಲೆಯಲ್ಲಿ ಯರ್ರಿಸ್ವಾಮಿಯೂ ಸೇರಿ ಎಲ್ಲರೂ ಕೂಡಿದರು. ಮೈಲಮ್ಮ ಹೊಸ್ತಿಲಾಚೆಯೇ ನಿಂತಳು.

"ಮೈಲಪ್ಪ ಬಿಚ್ಚಿದ್ದು ಮುಂದಿನ ಎರಡು ಗಾಲಿ," ಎಂದು ಅರ್ಚನಾ ಶುರುಮಾಡಿದಳು. "ರಬ್ಬರ್ ಉಬ್ಬಿದ್ದು ನಾಲ್ಕರಾಗೂ. ಅಂದ್ರ ಎಣ್ಣಿ ಮ್ಯಾಲಿನ ಡಬ್ಬಿಯಿಂದ ಇಳಿದೈತಿ. ಗ್ಯಾರೇಜಿನ ಎಣ್ಣಿ ಕರ್ರಗಿರ್ತೈತಿ, ನಾರ್ತೈತಿ. ಇದು ಹೊಲಿಗಿ ಮಷೀನಿಂದು. ಅವನೇ ಹಾಕಿದ್ರ, ಹಾಕಬ್ಯಾಡ್ರಿ ಅಂತ ಯಾಕ ಹೇಳ್ತಿದ್ದ? ಎಣ್ಣಿ ಬಿದ್ರ ಗಾಡಿ ಅಲುಗಂಗಿಲ್ಲ ಅನ್ನೋ ಮಾತು ಕೇಳಿದವರು ಇಬ್ಬರೇ. ಅವರಾಗ ಒಬ್ಬ ಸತ್ತಾನ."

ಕೊಟ್ರಸ್ವಾಮಿ ದಡಕ್ಕನೆ ಎದ್ದ. "ನಮ್ಮವ್ವ ಹೆತ್ತ ಮಗನ್ನ ಕೊಲ್ತಾಳೇನ್ರಿ?"

"ಕುಂದ್ರಪ್ಪಾ," ಎಂದಳು ನೀಲಗಂಗಮ್ಮ. "ರ‍್ಯಾಲಿಗೆ ಹೋಗಬ್ಯಾಡ ಅಂತ ಅವನ ಕಾಲು ಹಿಡಕಂಡೆ, ಕೇಳಲಿಲ್ಲ. ಗಾಡಿ ಶೆಡ್ ಬಿಟ್ಟು ಅಲುಗದಂಗ ಆಗ್ಲಿ ಅಂತ ಹಾಕಿದೆ." ಆಮೇಲೆ ಅರ್ಚನಾಳ ಕಡೆ ತಿರುಗಿದಳು. "ಗಾಲಿ ಹಿಡೀಲಿಲ್ಲೇನವ್ವ?"

ಇದೊಂದಕ್ಕೆ ಅರ್ಚನಾ ಸುಳ್ಳು ಹೇಳಲಿ ಎಂದು ಗುರುಶಾಂತ ಮನಸ್ಸಿನಲ್ಲೇ ಬೇಡಿಕೊಂಡ.

"ಹಿಡದಿದ್ವಮ್ಮ, ಆದ್ರ ಪೂರ್ತಿ ಹಿಡೀಲಿಲ್ಲ. ಅವನು ಜೋರು ಕೊಟ್ಟು ಓಡಿಸ್ಯಾನ. ದಾರಿಯುದ್ದಕ್ಕೂ ಬ್ರೇಕ್ ತಿಕ್ಕಿ ಕಾದು, ಒಳಗಿನ ಆಯಿಲ್ ಕುದ್ದು, ಇಳಿಜಾರಿನಾಗ ಪೆಡಲು ನೆಲಕ್ಕ ಕುಂತೈತಿ."

ಯರ್ರಿಸ್ವಾಮಿ ಯಾರ ಮುಖವನ್ನೂ ನೋಡದೆ, "ದೂರು ಕೊಟ್ಟವರು ನೀವು, ಕೊಟ್ರಸ್ವಾಮ್ಯಾರ. ಹೊಸ ಹೇಳಿಕಿನೂ ನೀವ ಕೊಡಬೇಕ್ರಿ," ಎಂದ.

ಬ್ರೇಕ್ ಮುಟ್ಟಿದ ಕೈ ಕಡಿಯಬೇಕೆಂದು ಠಾಣೆಯಲ್ಲಿ ಕೂಗಾಡಿದ್ದವನು ಇದೇ ಕೊಟ್ರಸ್ವಾಮಿ. ಈಗ ಅವನು ತಾಯಿಯ ಕೈ ಹಿಡಿದುಕೊಂಡು ಕುಳಿತ. ಗಂಡ ಬಿಡುಗಡೆಯಾಗುತ್ತಾನೆಂದು ಗೊತ್ತಾದರೂ ಮೈಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು.

ನೀಲಗಂಗಮ್ಮ ಅವಳನ್ನೇ ನೋಡಿದಳು.

"ಬರಸಪ್ಪಾ," ಎಂದಳು ಮಗನಿಗೆ. "ಆಕಿ ಗಂಡ ಒಳಗ ಕುಂತಾನ."

ಕೊಟ್ರಸ್ವಾಮಿ ಬರೆಸತೊಡಗಿದ.